ನಾಯಿಮರಿಯ ಕೆಮ್ಮಿನಿಂದ ಫ್ಲೂ ವೈರಸ್ಸಿನವರೆಗೆ: ಡಿಸ್ಟೆಂಪರ್ ಲಸಿಕೆಯ ಕಥೆ

ಮನೆಗೆ ಹೊಸದಾಗಿ ತಂದ ನಾಯಿಮರಿಯೊಂದನ್ನು ಕಲ್ಪಿಸಿಕೊಳ್ಳಿ. ವಯಸ್ಸು ಎರಡೂವರೆ ತಿಂಗಳು. ನಿನ್ನೆಯವರೆಗೆ ಚಪ್ಪಲಿ ಕಚ್ಚಿಕೊಂಡು ಅಂಗಳದ ತುಂಬ ಓಡಾಡುತ್ತಿದ್ದ ಮರಿ ಇಂದು ಮೂಲೆಯಲ್ಲಿ ಮಲಗಿದೆ. ಮೈ ಬಿಸಿಯಾಗಿದೆ. ಮೂಗಿನಿಂದ ನೀರು ಸುರಿಯುತ್ತಿದೆ, ಕಣ್ಣಂಚಿನಲ್ಲಿ ಗೀಜು ಕಟ್ಟಿದೆ. ಎರಡು ಮೂರು ದಿನಗಳಲ್ಲಿ ಜ್ವರ ಇಳಿಯುತ್ತದೆ. ಮನೆಯವರು 'ಸದ್ಯ, ವಾಸಿಯಾಯಿತು' ಎಂದುಕೊಳ್ಳುತ್ತಾರೆ. ಆದರೆ ಜ್ವರ ಮತ್ತೆ ಏರುತ್ತದೆ. ಈ ಬಾರಿ ಮೂಗಿನಲ್ಲಿ ಗಟ್ಟಿ ಸಿಂಬಳ, ಎದೆಯಲ್ಲಿ ಕಫ, ಕೆಮ್ಮು, ಜೊತೆಗೆ ಭೇದಿ. ಇಷ್ಟರಿಂದ ಪಾರಾದ ಕೆಲವು ಮರಿಗಳಲ್ಲಿ ವಾರಗಳ ನಂತರ ದವಡೆ ಅದುರತೊಡಗುತ್ತದೆ, ಕಾಲು ಸೆಳೆಯುತ್ತದೆ, ಫಿಟ್ಸ್ ಬರುತ್ತದೆ. ರೋಗ ಮಿದುಳನ್ನು ತಲುಪಿದೆ ಎಂದು ಇದರ ಅರ್ಥ.

ಇದೇ ಡಿಸ್ಟೆಂಪರ್. ರೋಗಿ ನಾಯಿಯ ಉಸಿರು, ಸೀನು, ಕೆಮ್ಮುಗಳಿಂದ ಹೊರಬೀಳುವ ಸೂಕ್ಷ್ಮ ಹನಿಗಳ ಮೂಲಕ ಇದು ಇನ್ನೊಂದು ನಾಯಿಗೆ ಹರಡುತ್ತದೆ. ಮನುಷ್ಯರಿಗೆ ಇದು ರೋಗ ತರುವುದಿಲ್ಲ. ಈ ವೈರಸ್ಸನ್ನು ಕೊಲ್ಲುವ ಖಚಿತ ಔಷಧಿ ಇಂದಿಗೂ ಇಲ್ಲ. ಪಶುವೈದ್ಯರು ನೀರು, ಪೋಷಣೆ, ಪ್ರತಿಜೈವಿಕಗಳನ್ನು ಕೊಟ್ಟು ಮರಿಗೆ ಹೋರಾಡಲು ನೆರವಾಗಬಲ್ಲರು, ಅಷ್ಟೆ. ನಿಜವಾದ ರಕ್ಷಣೆ ಲಸಿಕೆಯೊಂದೇ.

ಇಂದು ಪಶುವೈದ್ಯರ ಬಳಿ ಕೆಲವೇ ನಿಮಿಷಗಳಲ್ಲಿ ಮುಗಿಯುವ ಈ ಚುಚ್ಚುಮದ್ದಿನ ಹಿಂದೆ ಶತಮಾನಕ್ಕೂ ಮೀರಿದ ಹುಡುಕಾಟವಿದೆ. ತಪ್ಪು ಆರೋಪಿಯನ್ನು ಹಿಡಿದು ವರ್ಷಗಟ್ಟಲೆ ಕಳೆದ ಪ್ರಸಂಗವಿದೆ. ನಾಯಿಗಾಗಿ ನಡೆದ ಆ ಸಂಶೋಧನೆಯೇ ಮನುಷ್ಯನ ಇನ್ಫ್ಲುಯೆಂಜಾ ವೈರಸ್ಸನ್ನು ಪತ್ತೆ ಮಾಡುವ ದಾರಿಯನ್ನೂ ತೆರೆಯಿತು ಎಂದರೆ ನಿಮಗೆ ಅಚ್ಚರಿಯಾಗಬಹುದು. ಆ ಕಥೆಯನ್ನು ಮೊದಲಿನಿಂದ ನೋಡೋಣ.

ಜೆನ್ನರ್ ಬರೆದ ಇನ್ನೊಂದು ಲೇಖನ

ಎಡ್ವರ್ಡ್ ಜೆನ್ನರ್ ಹೆಸರು ನಿಮಗೆ ಗೊತ್ತು. 1796ರಲ್ಲಿ ಗೋಸಿಡುಬಿನ ಕೀವಿನಿಂದ ಸಿಡುಬಿಗೆ ಲಸಿಕೆ ಹಾಕಿದ ವೈದ್ಯ. ಅದೇ ಜೆನ್ನರ್ 1809ರಲ್ಲಿ ನಾಯಿಗಳ ಡಿಸ್ಟೆಂಪರ್ ಕುರಿತು ಒಂದು ಲೇಖನವನ್ನು ಪ್ರಕಟಿಸಿದ್ದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವನ ಊರು ಬರ್ಕ್ಲಿಯಲ್ಲಿ ಅಲ್ಲಿನ ಅರ್ಲ್‌ನ ನರಿಬೇಟೆಯ ನಾಯಿಗಳ ದೊಡ್ಡ ಹಿಂಡಿತ್ತು. ಆ ನಾಯಿಗಳಲ್ಲಿ ಕಂಡ ರೋಗವನ್ನು ಜೆನ್ನರ್ ಹಂತಹಂತವಾಗಿ ವಿವರಿಸಿದ. ಇದು ಹುಚ್ಚುನಾಯಿ ರೋಗವಲ್ಲ, ಬೇರೆಯೇ ರೋಗ ಎಂದು ವಿಂಗಡಿಸಿದ. ಮನುಷ್ಯರಲ್ಲಿ ಸಿಡುಬು, ದಡಾರಗಳು ಹೇಗೆ ಅಂಟುತ್ತವೆಯೋ ನಾಯಿಗಳಲ್ಲಿ ಇದು ಹಾಗೆಯೇ ಅಂಟುತ್ತದೆ ಎಂದ. ದಡಾರದ ಹೋಲಿಕೆಯನ್ನು ನೆನಪಿನಲ್ಲಿಡಿ. ಅದು ಎಷ್ಟು ಸರಿಯಾಗಿತ್ತೆಂಬುದು ಗೊತ್ತಾಗಲು ಸುಮಾರು ಒಂದೂವರೆ ಶತಮಾನ ಬೇಕಾಯಿತು.

ಗೋಸಿಡುಬಿನ ಲಸಿಕೆಯನ್ನೇ ನಾಯಿಗಳಿಗೂ ಹಾಕಿ ನೋಡಿದವರಿದ್ದರು. ಫಲ ಸಿಗಲಿಲ್ಲ. ಸಿಗುವಂತೆಯೂ ಇರಲಿಲ್ಲ, ಏಕೆಂದರೆ ಗೋಸಿಡುಬಿನ ವೈರಸ್ಸಿಗೂ ಡಿಸ್ಟೆಂಪರ್ ವೈರಸ್ಸಿಗೂ ಯಾವ ನಂಟೂ ಇಲ್ಲ. ಒಂದು ರೋಗದ ಲಸಿಕೆ ಇನ್ನೊಂದಕ್ಕೆ ನಾಟಬೇಕಾದರೆ ಎರಡರ ರೋಗಾಣುಗಳಲ್ಲಿ ರಕ್ತಸಂಬಂಧವಿರಬೇಕು. ಹಾಗಾದರೆ ಡಿಸ್ಟೆಂಪರಿನ ರೋಗಾಣು ಯಾವುದು? ಮೊದಲು ಅದು ತಿಳಿಯಬೇಕಿತ್ತು.

ಸೋಸಿದರೂ ಉಳಿದ ಸೋಂಕು

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರಯೋಗಾಲಯಗಳಲ್ಲಿ ಪಿಂಗಾಣಿಯ ಶೋಧಕಗಳು ಬಂದಿದ್ದವು. ಅವುಗಳ ರಂಧ್ರಗಳು ಎಷ್ಟು ಚಿಕ್ಕವೆಂದರೆ ಬ್ಯಾಕ್ಟೀರಿಯಗಳು ದಾಟಲಾರವು. ಹೊಗೆಸೊಪ್ಪಿನ ಎಲೆಯ ರೋಗ, ದನಗಳ ಕಾಲುಬಾಯಿ ಜ್ವರ ಇವುಗಳ ಸೋಂಕು ಮಾತ್ರ ಈ ಶೋಧಕವನ್ನು ದಾಟುತ್ತದೆಂದು 1890ರ ದಶಕದಲ್ಲಿ ಕಂಡುಬಂದಿತ್ತು. 1905ರಲ್ಲಿ ಫ್ರಾನ್ಸಿನ ಪಶುವೈದ್ಯ ಆನ್ರಿ ಕಾರೆ ಡಿಸ್ಟೆಂಪರ್ ತಗುಲಿದ ನಾಯಿಯ ಮೂಗಿನ ಸ್ರಾವವನ್ನು ಹೀಗೆಯೇ ಸೋಸಿದ. ಬ್ಯಾಕ್ಟೀರಿಯವಿಲ್ಲದ ಆ ದ್ರವವನ್ನು ಬೇರೆ ನಾಯಿಗಳಿಗೆ ಚುಚ್ಚಿದಾಗ ಅವಕ್ಕೂ ರೋಗ ಬಂತು. ರೋಗಕ್ಕೆ ಕಾರಣ ಶೋಧಕವನ್ನು ದಾಟುವ ವೈರಸ್ ಎಂದು ಅವನು ಸಾರಿದ.

ಅವನು ಹೇಳಿದ್ದು ಸರಿ. ಆದರೂ ಬಹುಪಾಲು ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಅಂದು ವೈರಸ್ಸನ್ನು ಕಣ್ಣಾರೆ ಕಂಡವರಿರಲಿಲ್ಲ. ಮೇಲಾಗಿ, ಬೇರೆಯವರು ಅದೇ ಪ್ರಯೋಗ ಮಾಡಿದಾಗ ಒಮ್ಮೆ ರೋಗ ಬರುತ್ತಿತ್ತು, ಇನ್ನೊಮ್ಮೆ ಬರುತ್ತಿರಲಿಲ್ಲ. 1910ರ ಆಸುಪಾಸಿನಲ್ಲಿ ಅಮೆರಿಕದ ಫೆರಿ, ಸ್ಕಾಟ್ಲೆಂಡಿನ ಮ್ಯಾಗವನ್ ಮೊದಲಾದವರು ರೋಗಿ ನಾಯಿಗಳ ಶ್ವಾಸನಾಳದಲ್ಲಿ ಮತ್ತೆ ಮತ್ತೆ ಒಂದು ಬ್ಯಾಕ್ಟೀರಿಯವನ್ನು ಕಂಡರು. ಅದನ್ನು ಬೆಳೆಸಬಹುದಿತ್ತು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬಹುದಿತ್ತು. ಇದೇ ಕಾರಣವೆಂದು ಅವರು ಹೇಳಿದಾಗ ಜನ ನಂಬಿದರು. ಇಂದು ಅದನ್ನು ಬಾರ್ಡಟೆಲ್ಲ ಬ್ರಾಂಕಿಸೆಪ್ಟಿಕ ಎಂದು ಕರೆಯುತ್ತೇವೆ. ಅದರಿಂದ ಲಸಿಕೆಗಳನ್ನು ತಯಾರಿಸಿ ಮಾರಲಾಯಿತು. ಮರಿಗಳು ಸಾಯುವುದು ಮಾತ್ರ ನಿಲ್ಲಲಿಲ್ಲ.

ತಪ್ಪು ಎಲ್ಲಾಯಿತು? ಡಿಸ್ಟೆಂಪರ್ ವೈರಸ್ ದೇಹದ ಬಿಳಿ ರಕ್ತಕಣಗಳಿಗೇ ಲಗ್ಗೆ ಹಾಕಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಕಾವಲು ಸಡಿಲವಾದ ಮೇಲೆ ಶ್ವಾಸನಾಳಕ್ಕೆ ನುಗ್ಗುವ ಬ್ಯಾಕ್ಟೀರಿಯಗಳು ಹಲವು. ಬಾರ್ಡಟೆಲ್ಲ ಅವುಗಳಲ್ಲಿ ಒಂದು. ಕಳ್ಳ ಬಾಗಿಲು ಮುರಿದು ಹೋದ ಮೇಲೆ ಒಳಗೆ ಬಂದ ಇನ್ನೊಬ್ಬನನ್ನು ಹಿಡಿದಂತಾಯಿತು. ರೋಗದ ಜೊತೆಗೆ ಕಾಣುವುದೆಲ್ಲ ರೋಗದ ಕಾರಣವಲ್ಲ. ವಿದ್ಯಾರ್ಥಿಗಳು ಈ ಮಾತನ್ನು ಗುರುತು ಹಾಕಿಕೊಳ್ಳಬೇಕು.

ಇದೇ ತಪ್ಪು ಮನುಷ್ಯರ ರೋಗದಲ್ಲೂ ಆಗಿತ್ತು. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಫ್ಲೂ ರೋಗಿಗಳ ಕಫದಲ್ಲಿ ಒಂದು ಬ್ಯಾಕ್ಟೀರಿಯವನ್ನು ಕಂಡು ಅದೇ ಫ್ಲೂ ಕಾರಣವೆಂದಿದ್ದ. ಹೀಮೋಫಿಲಸ್ ಇನ್ಫ್ಲುಯೆಂಜೆ ಎಂಬ ಅದರ ಹೆಸರಿನಲ್ಲಿ ಆ ತಪ್ಪು ಇಂದಿಗೂ ಉಳಿದಿದೆ. 1918ರ ಮಹಾಮಾರಿ ಜಗತ್ತನ್ನು ನಡುಗಿಸಿದಾಗ ಹಲವು ರೋಗಿಗಳಲ್ಲಿ ಆ ಬ್ಯಾಕ್ಟೀರಿಯ ಸಿಗಲೇ ಇಲ್ಲ. ಫ್ಲೂ ಕೂಡ ವೈರಸ್ಸಿನಿಂದ ಬರುತ್ತಿರಬಹುದೇ ಎಂಬ ಅನುಮಾನ ಬಲವಾಯಿತು. ಆದರೆ ಅದನ್ನು ಸಾಧಿಸಿ ತೋರಿಸಲು ಯಾವ ಪ್ರಾಣಿಯೂ ಸಿಕ್ಕಿರಲಿಲ್ಲ.

ಪತ್ರಿಕೆ ಕೂಡಿಸಿದ ಹಣ

ಇಂಗ್ಲೆಂಡಿನಲ್ಲಿ 'ದಿ ಫೀಲ್ಡ್' ಎಂಬ ಹಳೆಯ ಪತ್ರಿಕೆಯಿತ್ತು. ಬೇಟೆ, ಕುದುರೆ, ನಾಯಿ, ಹಳ್ಳಿಗಾಡಿನ ಜೀವನ ಇವು ಅದರ ವಿಷಯಗಳು. ನರಿಬೇಟೆಯ ನಾಯಿಗಳನ್ನು ಸಾಕುವವರಿಗೆ ಡಿಸ್ಟೆಂಪರ್ ಪ್ರತಿವರ್ಷದ ಶಾಪವಾಗಿತ್ತು. 1923ರಲ್ಲಿ ಪತ್ರಿಕೆ ಡಿಸ್ಟೆಂಪರ್ ಸಂಶೋಧನೆಗೆಂದೇ ನಿಧಿಯೊಂದನ್ನು ತೆರೆದು ಓದುಗರಿಂದ ಹಣ ಕೂಡಿಸಿತು. ಕೆಲಸ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಕೈಗೆ ಬಂತು.

ಮನುಷ್ಯರ ಆರೋಗ್ಯಕ್ಕಾಗಿ ಇರುವ ಮಂಡಳಿ ನಾಯಿಯ ರೋಗವನ್ನೇಕೆ ಕೈಗೆತ್ತಿಕೊಂಡಿತು? ಡಿಸ್ಟೆಂಪರ್ ಹಲವು ರೀತಿಯಲ್ಲಿ ಫ್ಲೂವನ್ನು ಹೋಲುತ್ತಿತ್ತು. ಅದೂ ಉಸಿರಿನಿಂದ ಹರಡುತ್ತದೆ, ಅದರಲ್ಲೂ ಮೊದಲು ನೆಗಡಿ, ಆಮೇಲೆ ಬ್ಯಾಕ್ಟೀರಿಯಗಳಿಂದ ನ್ಯುಮೋನಿಯ. ನಾಯಿಯಲ್ಲಿ ಈ ಗಂಟನ್ನು ಬಿಡಿಸಿದರೆ ಮನುಷ್ಯನ ಫ್ಲೂವನ್ನು ಅರಿಯುವ ವಿಧಾನವೂ ಸಿಕ್ಕೀತೆಂಬ ಆಸೆ ಮಂಡಳಿಗಿತ್ತು.

ಇನ್ನೊಂದು ಸಂಗತಿಯನ್ನು ಮರೆಮಾಚಬಾರದು. ನಾಯಿಗಳ ಮೇಲೆ ಪ್ರಯೋಗ ಮಾಡುವುದನ್ನು ನಿಷೇಧಿಸಬೇಕೆಂದು ಬ್ರಿಟನ್ನಿನಲ್ಲಿ ಅಂದು ಬಲವಾದ ಚಳವಳಿ ನಡೆದಿತ್ತು. 1919ರಲ್ಲಿ ಅಂಥ ಮಸೂದೆಯೊಂದು ಪಾರ್ಲಿಮೆಂಟಿನಲ್ಲಿ ಬಿದ್ದುಹೋಗಿತ್ತು. ಈಗ ನಾಯಿಗಳನ್ನು ಪ್ರೀತಿಸುವವರೇ ನಾಯಿಗಳ ಮೇಲಿನ ಪ್ರಯೋಗಕ್ಕೆ ಹಣ ಕೊಟ್ಟರು. ಆ ಪ್ರಯೋಗಗಳಲ್ಲಿ ನಾಯಿಗಳು ಸತ್ತವು, ಇತರ ಪ್ರಾಣಿಗಳೂ ಸತ್ತವು. ನಾವು ಇಂದು ಪಡೆಯುತ್ತಿರುವ ರಕ್ಷಣೆಯ ಲೆಕ್ಕದಲ್ಲಿ ಆ ಸಾವುಗಳೂ ಸೇರಿವೆ.

ಮಿಲ್ ಹಿಲ್‌ನ ಬೇಲಿಯೊಳಗೆ

ಲಂಡನ್ನಿನ ಉತ್ತರಕ್ಕಿರುವ ಮಿಲ್ ಹಿಲ್‌ನಲ್ಲಿ ಮಂಡಳಿಗೆ ಒಂದು ಕ್ಷೇತ್ರ ಪ್ರಯೋಗಾಲಯವಿತ್ತು. ಕೆಲಸ ಇಬ್ಬರ ಪಾಲಿಗೆ ಬಂತು. ಒಬ್ಬ ಪ್ಯಾಟ್ರಿಕ್ ಲೇಡ್ಲಾ, ವೈದ್ಯ. ಹೆನ್ರಿ ಡೇಲ್ ಜೊತೆ ಹಿಸ್ಟಮಿನ್ ಕುರಿತು ಕೆಲಸ ಮಾಡಿ ಆಗಲೇ ಹೆಸರಾಗಿದ್ದವನು. ಇನ್ನೊಬ್ಬ ಜಾರ್ಜ್ ಡಂಕಿನ್, ಪಶುವೈದ್ಯ.

ಕಾರೆಯ ಪ್ರಯೋಗ ಬೇರೆಯವರ ಕೈಯಲ್ಲಿ ಏಕೆ ಕೈಕೊಡುತ್ತಿತ್ತು ಎಂಬ ಪ್ರಶ್ನೆಯಿಂದ ಅವರ ಕೆಲಸ ಆರಂಭವಾಯಿತು. ಉತ್ತರ ಸರಳವಾಗಿತ್ತು. ಡಿಸ್ಟೆಂಪರ್ ಎಲ್ಲೆಡೆ ಇರುವ ರೋಗ. ಬೀದಿಯಿಂದಲೋ ಮಾರಾಟಗಾರರಿಂದಲೋ ತಂದ ನಾಯಿಗೆ ಅದು ಹಿಂದೆಯೇ ಬಂದು ಹೋಗಿರಬಹುದು. ಆಗ ಎಷ್ಟು ಸೋಂಕು ಚುಚ್ಚಿದರೂ ರೋಗ ಬರುವುದಿಲ್ಲ. ಅಥವಾ ಆ ನಾಯಿ ಬರುವಾಗಲೇ ಸೋಂಕನ್ನು ಹೊತ್ತು ತಂದಿರಬಹುದು. ಆಗ ಏನನ್ನು ಚುಚ್ಚಿದರೂ ರೋಗ ಬರುತ್ತದೆ! ಇಂಥ ನಾಯಿಗಳಿಂದ ಬಂದ ಫಲಿತಾಂಶಕ್ಕೆ ಅರ್ಥವಿಲ್ಲ.

ಆದ್ದರಿಂದ ಡಿಸ್ಟೆಂಪರನ್ನು ಎಂದೂ ಕಾಣದ ನಾಯಿಗಳನ್ನು ಅವರು ತಾವೇ ಬೆಳೆಸಬೇಕಾಯಿತು. ಹೊರಗಿನ ನಾಯಿ ಸುಳಿಯದಂತೆ ಬೇಲಿ ಹಾಕಿದ ಆವರಣದಲ್ಲಿ ನಾಯಿಗಳನ್ನು ಇಟ್ಟು ಅಲ್ಲಿಯೇ ಮರಿ ಹಾಕಿಸಿದರು. ಒಳಗೆ ಹೋಗುವ ಕೆಲಸಗಾರರು ಸ್ನಾನ ಮಾಡಿ, ಬಟ್ಟೆ ಬದಲಿಸಿ ಹೋಗಬೇಕಿತ್ತು. ಲಸಿಕೆಯ ಕಥೆಯಲ್ಲಿ ಇದು ರೋಚಕವಾಗಿ ಕಾಣದ ಭಾಗ. ಆದರೆ ಮುಂದಿನ ಎಲ್ಲ ಫಲಿತಾಂಶಗಳೂ ಈ ಬೇಲಿಯ ಮೇಲೆ ನಿಂತಿವೆ.

ಎರಡನೆಯ ತೊಡಕು ಖರ್ಚು ಮತ್ತು ಸಮಯದ್ದು. ಪ್ರತಿ ಪ್ರಶ್ನೆಗೂ ಇಂಥ ನಾಯಿಗಳನ್ನೇ ಬಳಸುವುದು ಸಾಧ್ಯವಿರಲಿಲ್ಲ. ಇಲ್ಲಿ ನೆರವಿಗೆ ಬಂದದ್ದು ಹಳ್ಳಿಗಾಡಿನವರ ಅನುಭವ. ಬಿಲದಿಂದ ಮೊಲಗಳನ್ನು ಎಬ್ಬಿಸಲು ಇಂಗ್ಲೆಂಡಿನಲ್ಲಿ ಫೆರೆಟ್ ಎಂಬ ಪ್ರಾಣಿಯನ್ನು ಸಾಕುತ್ತಿದ್ದರು. ಉದ್ದ ಮೈ, ಗಿಡ್ಡ ಕಾಲಿನ ಇದು ನೋಡಲು ನಮ್ಮ ಮುಂಗುಸಿಯಂತಿದ್ದರೂ ಸಂಬಂಧದಲ್ಲಿ ನೀರುನಾಯಿಗೆ ಹತ್ತಿರ. ನಾಯಿಗಳಿಗೆ ಡಿಸ್ಟೆಂಪರ್ ಬಂದಾಗ ಫೆರೆಟ್‌ಗಳೂ ಸಾಯುತ್ತವೆಂದು ಅವುಗಳನ್ನು ಸಾಕುವವರಿಗೆ ಗೊತ್ತಿತ್ತು. ಲೇಡ್ಲಾ ಮತ್ತು ಡಂಕಿನ್ ಇದನ್ನು ಪರೀಕ್ಷಿಸಿದರು. ಸೋಂಕು ತಗುಲಿದ ಸುಮಾರು ಹತ್ತು ದಿನಗಳಿಗೆ ಫೆರೆಟ್‌ನ ಕಣ್ಣು ಮೂಗು ಸೋರತೊಡಗುತ್ತವೆ. ಬಹುತೇಕ ಯಾವುದೂ ಬದುಕುವುದಿಲ್ಲ. 'ರೋಗ ಬಂತೋ ಇಲ್ಲವೋ' ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟ ಉತ್ತರ ಕೊಡುವ ಪ್ರಾಣಿ ಸಿಕ್ಕಿದ್ದು ದೊಡ್ಡ ಲಾಭವಾಯಿತು.

1926ರಲ್ಲಿ ಅವರು ತಮ್ಮ ಮೊದಲ ಪ್ರಬಂಧಗಳನ್ನು ಪ್ರಕಟಿಸಿದರು. ಬ್ಯಾಕ್ಟೀರಿಯರಹಿತವಾಗಿ ಸೋಸಿದ ದ್ರವದಿಂದ ಫೆರೆಟ್‌ಗೂ ನಾಯಿಗೂ ರೋಗ ಬರುತ್ತದೆ. ಒಮ್ಮೆ ಬದುಕಿ ಉಳಿದ ಪ್ರಾಣಿಗೆ ಅದು ಮತ್ತೆ ಬರುವುದಿಲ್ಲ. ಕಾರೆ ಹೇಳಿದ್ದು ಇಪ್ಪತ್ತೊಂದು ವರ್ಷಗಳ ನಂತರ ಅನುಮಾನಕ್ಕೆಡೆಯಿಲ್ಲದಂತೆ ಸ್ಥಾಪಿತವಾಯಿತು.

ಮೊದಲು ಸತ್ತದ್ದು, ಆಮೇಲೆ ಜೀವಂತ

ಕಾರಣ ತಿಳಿದ ಮೇಲೆ ಲಸಿಕೆಯ ಕೆಲಸ ವೇಗ ಪಡೆಯಿತು. 1923ರಲ್ಲೇ ಇಟಲಿಯ ವಿಟ್ಟೊರಿಯೊ ಪುಂಟೋನಿ ರೋಗಿ ನಾಯಿಯ ಮಿದುಳಿನ ಅಂಗಾಂಶಕ್ಕೆ ಫಾರ್ಮಲಿನ್ ಬೆರೆಸಿ ಲಸಿಕೆ ತಯಾರಿಸಲು ಯತ್ನಿಸಿದ್ದ. ಲೇಡ್ಲಾ ಮತ್ತು ಡಂಕಿನ್ 1928ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಎರಡು ಹಂತಗಳಿದ್ದವು.

ಸೋಂಕು ತಗುಲಿದ ನಾಯಿಯ ಗುಲ್ಮ ಮೊದಲಾದ ಅಂಗಗಳಲ್ಲಿ ವೈರಸ್ ಹೇರಳವಾಗಿರುತ್ತದೆ. ಅವನ್ನು ಅರೆದು, ಫಾರ್ಮಲಿನ್‌ನಿಂದ ವೈರಸ್ಸನ್ನು ನಿಷ್ಕ್ರಿಯಗೊಳಿಸಿ ಮೊದಲ ಚುಚ್ಚುಮದ್ದು ತಯಾರಿಸಿದರು. ಇದು ರೋಗ ತರಲಾರದು. ಆದರೆ ದೇಹಕ್ಕೆ ಶತ್ರುವಿನ ಪರಿಚಯ ಮಾಡಿಕೊಡುತ್ತದೆ. ಇದು ಕೊಡುವ ರಕ್ಷಣೆ ಮಾತ್ರ ಅರೆಬರೆಯಾಗಿದ್ದು ಬೇಗ ಮಾಸುತ್ತದೆ. ಆದ್ದರಿಂದ ಒಂದೆರಡು ವಾರಗಳ ನಂತರ ಎರಡನೆಯ ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ಸನ್ನೇ ಕೊಟ್ಟರು! ಮೊದಲ ಮದ್ದು ಕೊಟ್ಟ ಅರ್ಧ ರಕ್ಷಣೆಯ ಬಲದಿಂದ ನಾಯಿ ಆ ಸೋಂಕನ್ನು ಎದುರಿಸಿ, ಅದರ ಫಲವಾಗಿ ಗಟ್ಟಿಯಾದ ರಕ್ಷಣೆ ಪಡೆಯುತ್ತಿತ್ತು. ನರಿಬೇಟೆಯ ನಾಯಿಗಳ ಹಿಂಡುಗಳಲ್ಲಿ ಪ್ರಯೋಗ ನಡೆಸಿದಾಗ ಫಲ ಕಂಡಿತು. ಬರೋಸ್ ವೆಲ್‌ಕಮ್ ಸಂಸ್ಥೆ ಬ್ರಿಟನ್ನಿನಲ್ಲಿ, ಲೆಡರ್ಲಿ ಸಂಸ್ಥೆ ಅಮೆರಿಕದಲ್ಲಿ ಲಸಿಕೆಯನ್ನು ಮಾರುಕಟ್ಟೆಗೆ ತಂದವು.

ಕುಂದುಗಳೂ ಇದ್ದವು. ಎರಡನೆಯ ಮದ್ದಿನಲ್ಲಿದ್ದದ್ದು ನಿಜವಾದ ರೋಗಾಣು. ಮೊದಲ ಮದ್ದು ಸರಿಯಾಗಿ ನಾಟದಿದ್ದರೆ ನಾಯಿಗೆ ರೋಗವೇ ಬರುವ ಅಪಾಯವಿತ್ತು. ಮುಂದೆ ಅವರು ರೋಗನಿರೋಧಕ ಸೀರಂ ಮತ್ತು ವೈರಸ್ಸನ್ನು ಒಟ್ಟಿಗೆ ಕೊಡುವ ವಿಧಾನವನ್ನೂ ರೂಪಿಸಿದರು. ಎಷ್ಟಾದರೂ ಪ್ರತಿ ಪ್ರಮಾಣಕ್ಕೂ ಪ್ರಾಣಿಯ ಅಂಗಾಂಶ ಬೇಕಿತ್ತು. ಅಗ್ಗವಾಗಿ, ಎಲ್ಲರ ನಾಯಿಗೂ ಸಿಗುವ ಲಸಿಕೆ ಅದಾಗಿರಲಿಲ್ಲ.

ಫೆರೆಟ್ ಸೀನಿತು

1933ರ ಆರಂಭದಲ್ಲಿ ಲಂಡನ್ನಿನಲ್ಲಿ ಫ್ಲೂ ಹಬ್ಬಿತು. ಅದೇ ಸಂಸ್ಥೆಯ ವಿಲ್ಸನ್ ಸ್ಮಿತ್, ಕ್ರಿಸ್ಟಫರ್ ಆಂಡ್ರೂಸ್ ಮತ್ತು ಲೇಡ್ಲಾ ರೋಗಿಗಳು ಬಾಯಿ ಮುಕ್ಕಳಿಸಿ ಉಗುಳಿದ ನೀರನ್ನು ಸೋಸಿ ಹಲವು ಪ್ರಾಣಿಗಳ ಮೇಲೆ ಪ್ರಯೋಗಿಸಿದರು. ಯಾವುದಕ್ಕೂ ಏನೂ ಆಗಲಿಲ್ಲ. ಡಿಸ್ಟೆಂಪರ್ ಕೆಲಸದಿಂದಾಗಿ ಮಿಲ್ ಹಿಲ್‌ನಲ್ಲಿ ಫೆರೆಟ್‌ಗಳಿದ್ದವು, ಅವನ್ನು ಸೋಂಕಿನಿಂದ ದೂರವಿಟ್ಟು ಸಾಕುವ ಕಲೆಯೂ ಇತ್ತು. ಅವುಗಳ ಮೂಗಿಗೆ ಈ ದ್ರವವನ್ನು ಹಾಕಿದರು. ಎರಡು ದಿನಗಳಲ್ಲಿ ಫೆರೆಟ್‌ಗಳಿಗೆ ಜ್ವರ ಬಂತು, ಮೂಗು ಸೋರಿತು, ಅವು ಸೀನತೊಡಗಿದವು!

ಆದರೆ ಇದು ಫ್ಲೂ ಎಂಬುದಕ್ಕೆ ಏನು ಖಾತರಿ? ಡಿಸ್ಟೆಂಪರೇ ಎಲ್ಲಿಂದಲೋ ನುಸುಳಿರಬಾರದೇಕೆ? ಹತ್ತು ವರ್ಷಗಳ ಅನುಭವ ಇಲ್ಲಿ ಕೆಲಸಕ್ಕೆ ಬಂತು. ಡಿಸ್ಟೆಂಪರಿನಿಂದ ರಕ್ಷಣೆ ಪಡೆದಿದ್ದ ಫೆರೆಟ್‌ಗಳಿಗೂ ಈ ಹೊಸ ರೋಗ ತಗುಲಿತು. ಎಂದರೆ ಇದು ಬೇರೆ ರೋಗ. ಫ್ಲೂನಿಂದ ಗುಣವಾದ ಮನುಷ್ಯರ ಸೀರಂ ಈ ವೈರಸ್ಸನ್ನು ತಟಸ್ಥಗೊಳಿಸಿತು. 1933ರ ಜುಲೈನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ಶೋಧ ಪ್ರಕಟವಾಯಿತು. ಮೂರು ವರ್ಷಗಳ ನಂತರ, ಸೋಂಕು ತಗುಲಿದ ಫೆರೆಟ್ ಒಂದು ಸಂಶೋಧಕ ಸ್ಟುವರ್ಟ್-ಹ್ಯಾರಿಸ್ ಮುಖದ ಮೇಲೆ ಸೀನಿ ಅವನಿಗೆ ಫ್ಲೂ ಬಂದಾಗ, ಉಳಿದಿದ್ದ ಅನುಮಾನವೂ ತೀರಿತು. ಫ್ಲೂ ಸಂಶೋಧನೆಯಲ್ಲಿ ಫೆರೆಟ್ ಇಂದಿಗೂ ಮುಖ್ಯ ಪ್ರಾಣಿ.

ಲೇಡ್ಲಾಗೆ 1935ರಲ್ಲಿ 'ಸರ್' ಪದವಿ ಬಂತು. 1940ರಲ್ಲಿ ಅವನು ತೀರಿಕೊಂಡ.

ವೈರಸ್ಸನ್ನು ಪಳಗಿಸಿದ್ದು

ಒಳ್ಳೆಯ ಲಸಿಕೆಗೆ ಬೇಕಿದ್ದದ್ದು ಜೀವಂತವಾಗಿದ್ದೂ ರೋಗ ತಾರದ ವೈರಸ್. ಇದರ ಉಪಾಯಕ್ಕೆ ನಮ್ಮ ದೇಶದಲ್ಲೇ ಒಂದು ಸಮಾನ ಉದಾಹರಣೆಯಿದೆ. 1920ರ ದಶಕದಲ್ಲಿ ಹಿಮಾಲಯದ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಜೆ.ಟಿ. ಎಡ್ವರ್ಡ್ಸ್ ದನಗಳ ದೊಡ್ಡರೋಗದ ವೈರಸ್ಸನ್ನು ಆಡಿನಿಂದ ಆಡಿಗೆ ಅನೇಕ ಬಾರಿ ದಾಟಿಸಿದ. ಆಡಿನ ದೇಹಕ್ಕೆ ಒಗ್ಗಿದ ವೈರಸ್ ದನದಲ್ಲಿ ತನ್ನ ಕ್ರೌರ್ಯವನ್ನು ಬಹುಮಟ್ಟಿಗೆ ಕಳೆದುಕೊಂಡಿತು, ರಕ್ಷಣೆ ಕೊಡುವ ಗುಣವನ್ನು ಉಳಿಸಿಕೊಂಡಿತು. ಮುಂದೆ ಇನ್ನೂ ಉತ್ತಮ ಲಸಿಕೆಗಳು ಬಂದು, 2011ರಲ್ಲಿ ದೊಡ್ಡರೋಗವೇ ಭೂಮಿಯಿಂದ ನಿರ್ಮೂಲವಾಯಿತು.

ಡಿಸ್ಟೆಂಪರ್ ವಿಷಯದಲ್ಲಿ ಈ ಕೆಲಸವನ್ನು ಅಮೆರಿಕದ ಮಿನೆಸೊಟಾ ವಿಶ್ವವಿದ್ಯಾಲಯದ ರಾಬರ್ಟ್ ಗ್ರೀನ್ ಮಾಡಿದ. ತುಪ್ಪಳಕ್ಕಾಗಿ ನರಿ ಸಾಕುವವರಿಗೆ ಅಲ್ಲಿ ಡಿಸ್ಟೆಂಪರ್ ದೊಡ್ಡ ನಷ್ಟ ತರುತ್ತಿತ್ತು. ವೈರಸ್ಸನ್ನು ಫೆರೆಟ್‌ನಿಂದ ಫೆರೆಟ್‌ಗೆ ಹತ್ತಾರು ಬಾರಿ ದಾಟಿಸಿದಾಗ ಅದು ನರಿಗೂ ನಾಯಿಗೂ ಸೌಮ್ಯವಾಯಿತೆಂದು 1939ರಲ್ಲಿ ಅವನು ವರದಿ ಮಾಡಿದ. 1948ರಲ್ಲಿ ದಕ್ಷಿಣ ಆಫ್ರಿಕದ ಆಂಡರ್ಸ್ಟೆಪೋರ್ಟ್ ಪ್ರಯೋಗಾಲಯದ ಹೇಗ್ ಇದೇ ವೈರಸ್ಸನ್ನು ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ಬೆಳೆಸಿದ. ಅಮೆರಿಕದಲ್ಲಿ ಕಬಾಸೊ ಮತ್ತು ಕಾಕ್ಸ್ ಅದೇ ಸುಮಾರಿಗೆ ಮೊಟ್ಟೆಯಲ್ಲಿ ಇನ್ನೊಂದು ತಳಿಯನ್ನು ಪಳಗಿಸಿದರು. 1950ರ ದಶಕದ ಕೊನೆಗೆ ಸ್ವೀಡನ್ನಿನ ರಾಕ್‌ಬಾರ್ನ್ ಗಾಜಿನ ಪಾತ್ರೆಯಲ್ಲಿ ಬೆಳೆದ ನಾಯಿಯ ಮೂತ್ರಪಿಂಡದ ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿದ. ಲಸಿಕೆಗೆಂದು ಮತ್ತೆ ಮತ್ತೆ ಪ್ರಾಣಿಗಳಿಗೆ ರೋಗ ತಗುಲಿಸಿ ಕೊಲ್ಲುವ ಅಗತ್ಯ ಹೀಗೆ ತಪ್ಪಿತು, ಬೆಲೆಯೂ ಇಳಿಯಿತು.

ಪಳಗಿದ ವೈರಸ್ ಎಲ್ಲರಿಗೂ ಸೌಮ್ಯವೆಂದು ಭಾವಿಸಬಾರದು. 1970ರ ದಶಕದ ಆರಂಭದಲ್ಲಿ ಅಳಿವಿನಂಚಿನ ಕರಿಗಾಲಿನ ಫೆರೆಟ್‌ಗಳನ್ನು ಅಮೆರಿಕದಲ್ಲಿ ಹಿಡಿದು ತಂದು, ಸಾಕು ಫೆರೆಟ್‌ಗೆ ಸುರಕ್ಷಿತವಾಗಿದ್ದ ಜೀವಂತ ಲಸಿಕೆಯನ್ನೇ ಹಾಕಿದರು. ಆರರಲ್ಲಿ ನಾಲ್ಕು ಲಸಿಕೆಯ ವೈರಸ್ಸಿನಿಂದಲೇ ಸತ್ತವು. 1997ರಲ್ಲಿ ಅಮೆರಿಕದಲ್ಲಿ ಬಂದ ಹೊಸ ಬಗೆಯ ಲಸಿಕೆಯಲ್ಲಿ ಈ ಭಯವಿಲ್ಲ. ಅದರಲ್ಲಿ ಡಿಸ್ಟೆಂಪರ್ ವೈರಸ್ ಇಡಿಯಾಗಿ ಇರುವುದೇ ಇಲ್ಲ. ಅದರ ಒಂದೆರಡು ಜೀನ್‌ಗಳನ್ನಷ್ಟೇ ಕ್ಯಾನರಿ ಹಕ್ಕಿಯ ಸಿಡುಬಿನ ವೈರಸ್ಸಿಗೆ ಸೇರಿಸಲಾಗಿದೆ.

ಜೆನ್ನರ್‌ನ ದಡಾರದ ಹೋಲಿಕೆ ನೆನಪಿದೆಯೆ? ದಡಾರ, ಡಿಸ್ಟೆಂಪರ್, ದೊಡ್ಡರೋಗ ಈ ಮೂರರ ವೈರಸ್‌ಗಳೂ ಒಂದೇ ಕುಲಕ್ಕೆ ಸೇರಿದವೆಂದು 1950ರ ದಶಕದ ಸಂಶೋಧನೆಗಳು ತೋರಿಸಿದವು.

ಒಂದೇ ಚುಚ್ಚುಮದ್ದು ಏಕೆ ಸಾಲದು?

ನಾಯಿ ಸಾಕಿದವರೆಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಗಿಣ್ಣುಹಾಲಿನಲ್ಲಿದೆ. ಹುಟ್ಟಿದ ಮೊದಲ ದಿನ ಮರಿ ಕುಡಿಯುವ ಗಿಣ್ಣಿನಲ್ಲಿ ತಾಯಿಯ ಪ್ರತಿಕಾಯಗಳಿರುತ್ತವೆ. ಅವು ಮರಿಯನ್ನು ಕಾಯುತ್ತವೆ. ಆದರೆ ಲಸಿಕೆಯ ವೈರಸ್ ಒಳಬಂದರೆ ಅದನ್ನೂ ಶತ್ರುವೆಂದೇ ತಿಳಿದು ನಾಶ ಮಾಡುತ್ತವೆ. ಆಗ ಲಸಿಕೆ ವ್ಯರ್ಥ.

1950ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇದನ್ನು ಅಳೆದರು. ತಾಯಿಯಿಂದ ಬಂದ ಈ ಪ್ರತಿಕಾಯಗಳು ಸುಮಾರು ಎಂಟೂವರೆ ದಿನಗಳಿಗೊಮ್ಮೆ ಅರ್ಧವಾಗುತ್ತವೆ. ವಿಕಿರಣಶೀಲ ಧಾತುಗಳ ಅರ್ಧಾಯುವಿನ ಲೆಕ್ಕವೇ ಇಲ್ಲೂ. 17 ದಿನಕ್ಕೆ ಕಾಲುಭಾಗ, 34 ದಿನಕ್ಕೆ ಹದಿನಾರನೆಯ ಒಂದು ಭಾಗ. ಒಂದು ಮರಿಗೆ ತಾಯಿಯಿಂದ ಇನ್ನೊಂದಕ್ಕಿಂತ ನಾಲ್ಕು ಪಟ್ಟು ಹೆಚ್ಚು ಪ್ರತಿಕಾಯ ಸಿಕ್ಕಿದ್ದರೆ, ಅದು ಲಸಿಕೆಗೆ ಸಿದ್ಧವಾಗುವುದು 17 ದಿನ ತಡವಾಗಿ. ಉಪಾಧ್ಯಾಯರು ಇದನ್ನು ತರಗತಿಯಲ್ಲಿ ನಕ್ಷೆ ಬರೆಸಿ ತೋರಿಸಬಹುದು.

ಮಧ್ಯೆ ಒಂದು ಅಪಾಯದ ಅವಧಿ ಬರುತ್ತದೆ. ಆಗ ಉಳಿದಿರುವ ಪ್ರತಿಕಾಯ ರೋಗವನ್ನು ತಡೆಯಲು ಸಾಲದು, ಲಸಿಕೆಯನ್ನು ಕೆಡಿಸಲು ಸಾಕು! ಯಾವ ಮರಿಗೆ ಈ ಅವಧಿ ಯಾವಾಗ ಮುಗಿಯುತ್ತದೆಂದು ಹೊರಗಿನಿಂದ ತಿಳಿಯದು. ಆದ್ದರಿಂದ 6ರಿಂದ 8 ವಾರಗಳ ವಯಸ್ಸಿನಲ್ಲಿ ಆರಂಭಿಸಿ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಕನಿಷ್ಠ 16 ವಾರ ತುಂಬುವವರೆಗೆ ಲಸಿಕೆ ಹಾಕಬೇಕೆಂಬ ನಿಯಮ ಬಂದಿದೆ. ನಡುವೆ ನಿಲ್ಲಿಸಿದ ಮರಿ ಲಸಿಕೆ ಹಾಕಿಸಿಯೂ ರಕ್ಷಣೆಯಿಲ್ಲದೆ ಉಳಿಯಬಹುದು. ನಂತರ ಒಂದು ವರ್ಷದೊಳಗೆ ಬಲವರ್ಧಕ ಚುಚ್ಚುಮದ್ದು ಬೇಕು.

ಆರೋಪಿ ಮತ್ತೆ ಸಿಕ್ಕಿದ

ಡಿಸ್ಟೆಂಪರ್ ಹತೋಟಿಗೆ ಬಂದ ಕಡೆಗಳಲ್ಲಿಯೂ ನಾಯಿಗಳನ್ನು ಗುಂಪಾಗಿ ಇಡುವಲ್ಲಿ ಒಣಕೆಮ್ಮು ಹಬ್ಬುವುದು ನಿಲ್ಲಲಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ನಾಯಿ ಕೆಮ್ಮುತ್ತದೆ, ಸಾಮಾನ್ಯವಾಗಿ ಸಾಯುವುದಿಲ್ಲ. ಇದೇ ಕೆನಲ್ ಕೆಮ್ಮು. ಇದರ ಕಾರಣಗಳನ್ನು ಹುಡುಕಿದಾಗ ಸಿಕ್ಕಿದ್ದು ಪ್ಯಾರಾಇನ್ಫ್ಲುಯೆಂಜಾ ವೈರಸ್, ಅಡಿನೋವೈರಸ್-2 ಮತ್ತು ನಮ್ಮ ಹಳೆಯ ಪರಿಚಯದ ಬಾರ್ಡಟೆಲ್ಲ! ಡಿಸ್ಟೆಂಪರ್ ಮೊಕದ್ದಮೆಯಲ್ಲಿ ನಿರಪರಾಧಿಯೆಂದು ಬಿಡುಗಡೆಯಾಗಿದ್ದ ಬ್ಯಾಕ್ಟೀರಿಯ ಈ ಮೊಕದ್ದಮೆಯಲ್ಲಿ ನಿಜವಾಗಿ ತಪ್ಪಿತಸ್ಥ. ಇದಕ್ಕೆ ಈಗ ಮೂಗಿಗೆ ಹನಿಸುವ ಲಸಿಕೆಯೂ ಇದೆ.

2004ರಲ್ಲಿ ಅಮೆರಿಕದ ಫ್ಲೋರಿಡದಲ್ಲಿ ಓಟದ ಪಂದ್ಯದ ಗ್ರೇಹೌಂಡ್ ನಾಯಿಗಳು ಕೆಮ್ಮಿ ಸಾಯತೊಡಗಿದವು. ಪರೀಕ್ಷೆಯಲ್ಲಿ ಸಿಕ್ಕಿದ್ದು ಕುದುರೆಗಳಿಂದ ನಾಯಿಗೆ ದಾಟಿದ ಎಚ್3ಎನ್8 ಫ್ಲೂ ವೈರಸ್. 2009ರಲ್ಲಿ ಅದಕ್ಕೂ ಅಲ್ಲಿ ಲಸಿಕೆ ಬಂತು. ನಾಯಿಯ ರೋಗದ ಅಧ್ಯಯನ ಮನುಷ್ಯನ ಫ್ಲೂ ವೈರಸ್ಸಿನತ್ತ ಕೊಂಡೊಯ್ದಿತ್ತು. ಏಳು ದಶಕಗಳ ನಂತರ ಫ್ಲೂ ನಾಯಿಯ ಬಳಿಗೇ ಬಂದಿತ್ತು.

ಬೀದಿಯಿಂದ ಕಾಡಿಗೆ

ಲಸಿಕೆ ಇರುವಾಗ ಚಿಂತೆ ಏಕೆ ಎನ್ನಬೇಡಿ. 1994ರಲ್ಲಿ ತಾಂಜಾನಿಯದ ಸೆರೆಂಗೆಟಿಯಲ್ಲಿ ಡಿಸ್ಟೆಂಪರ್ ಹಬ್ಬಿ ಸುಮಾರು ಮೂರನೆಯ ಒಂದು ಭಾಗದಷ್ಟು ಸಿಂಹಗಳು ಸತ್ತವು. ಸುತ್ತಲಿನ ಹಳ್ಳಿಗಳ ನಾಯಿಗಳಲ್ಲಿ ಅದೇ ವೈರಸ್ ಇತ್ತು. 2018ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಅವುಗಳಲ್ಲಿ ಕೆಲವಕ್ಕೆ ಡಿಸ್ಟೆಂಪರ್ ತಗುಲಿದ್ದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ದೃಢಪಡಿಸಿತು. ಅಮೆರಿಕದಿಂದ ಲಸಿಕೆ ತರಿಸಿ ಸಿಂಹಗಳಿಗೆ ಹಾಕಬೇಕಾಯಿತು. ಏಷ್ಯಾದ ಸಿಂಹ ಕಾಡಿನಲ್ಲಿ ಉಳಿದಿರುವುದು ಗುಜರಾತಿನ ಈ ಪ್ರದೇಶದಲ್ಲಿ ಮಾತ್ರ ಎಂಬುದನ್ನು ನೆನೆದರೆ ಅಪಾಯದ ಗಾತ್ರ ತಿಳಿಯುತ್ತದೆ. ಕಾಡಿನಂಚಿನ ಊರುಗಳು ನಮ್ಮ ರಾಜ್ಯದಲ್ಲೂ ಬಹಳ.

ನಮ್ಮಲ್ಲಿ ಬೀದಿನಾಯಿಗಳಿಗೆ ಹಾಕುವ ಲಸಿಕೆ ಮುಖ್ಯವಾಗಿ ರೇಬೀಸ್‌ನದು. ಅದು ಮನುಷ್ಯನ ಪ್ರಾಣಕ್ಕೆ ಸಂಬಂಧಿಸಿದ್ದರಿಂದ ಅದಕ್ಕೆ ಮೊದಲ ಸ್ಥಾನ ಸಹಜ. ಆದರೆ ರೇಬೀಸ್ ಲಸಿಕೆ ಡಿಸ್ಟೆಂಪರನ್ನು ತಡೆಯುವುದಿಲ್ಲ. 'ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ' ಎಂದು ಯಾರಾದರೂ ಹೇಳಿದರೆ, ಯಾವುದಕ್ಕೆ, ಎಷ್ಟು ಬಾರಿ ಎಂದು ಕೇಳಿ. ಅವರ ಬಳಿಯಿರುವ ಲಸಿಕೆಯ ಚೀಟಿಯಲ್ಲಿ ಡಿ, ಎಚ್, ಪಿ, ಪಿ ಎಂಬ ಅಕ್ಷರಗಳಿವೆಯೇ ನೋಡಿ. ಡಿ ಎಂದರೆ ಡಿಸ್ಟೆಂಪರ್, ಎಚ್ ಎಂದರೆ ಹೆಪಟೈಟಿಸ್, ಒಂದು ಪಿ ಪಾರ್ವೊ, ಇನ್ನೊಂದು ಪ್ಯಾರಾಇನ್ಫ್ಲುಯೆಂಜಾ. ಪಕ್ಕದಲ್ಲಿ ದಿನಾಂಕಗಳಿರುತ್ತವೆ. ಕೊನೆಯ ಚುಚ್ಚುಮದ್ದು ಮರಿಗೆ 16 ವಾರ ತುಂಬಿದ ಮೇಲೆ ಬಿದ್ದಿದೆಯೇ ಎಂದು ಎಣಿಸಿ. ಬಿದ್ದಿಲ್ಲವಾದರೆ ಇನ್ನೊಮ್ಮೆ ಪಶುವೈದ್ಯರ ಬಳಿಗೆ ಕರೆದೊಯ್ಯಲು ಹೇಳಿ.